ಜೋಡಣೆಯೋ, ನಿರ್ಮಾಣವೋ? ಮೋಟಾರು ಉದ್ದಿಮೆಯೂ ರಾಷ್ಟ್ರದ ಸಂಪತ್ತೂ

(ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ರಾಷ್ಟ್ರದ ಆರ್ಥಿಕ ಜೀವನದಲ್ಲಿ ಮೋಟಾರು ಉದ್ದಿಮೆಯ ಸ್ಥಾನವೇನು ಎಂಬುದು ಇಂದು ನನಗೆ ಒಪ್ಪಿಸಿದ ವಿಷಯ. ವಿಷಯವು ಹಿರಿದು, ವೇಳೆಯು ಕಿರಿದು. ಆದುದರಿಂದ ಶಾಸ್ತ್ರದ ಪರಿಭಾಷೆಯನ್ನು ಬದಿಗಿರಿಸಿ, ನಾವೆಲ್ಲರೂ ಬಲ್ಲ ಚಕ್ಕಡಿಯಿಂದಲೇ ಆರಂಭಿಸುತ್ತೇನೆ.

ನಮ್ಮ ಹಳ್ಳಿಗಳಲ್ಲಿ ಚಕ್ಕಡಿಯು ಹುಟ್ಟುತ್ತಿದ್ದ ಬಗೆಯನ್ನು ಹಿರಿಯರು ಕಣ್ಣಾರೆ ಕಂಡಿದ್ದಾರೆ. ಜಾಲಿಯ ಮರವನ್ನು ನೋಡಿ ಆರಿಸಿ, ಕಡಿಸಿ, ಒಣಗಿಸಿ, ಗುಂಬಕ್ಕೆ ಅರಗಳನ್ನು ಕೂರಿಸುವವನು ಬಡಿಗ. ಕಬ್ಬಿಣದ ಹಳಿಯನ್ನು ಕೆಂಪಗೆ ಕಾಸಿ ಗಾಲಿಗೆ ತೊಡಿಸುವವನು ಕಂಬಾರ. ಅಚ್ಚು ಮುರಿದರೆ ರೈತನು ಪರಸ್ಥಳಕ್ಕೆ ಓಡಬೇಕಾಗಿರಲಿಲ್ಲ. ಅದನ್ನು ಮಾಡಿದ ಕೈ ಊರಲ್ಲಿಯೇ ಇತ್ತು. ಅದೇ ಕೈ ನೇಗಿಲನ್ನೂ ಕೂರಿಗೆಯನ್ನೂ ಮನೆಯ ಬಾಗಿಲನ್ನೂ ಮಾಡುತ್ತಿತ್ತು. ಅಂದಮೇಲೆ ಊರಿನ ನಿಜವಾದ ಆಸ್ತಿ ಯಾವುದು? ಅಂಗಳದಲ್ಲಿ ನಿಂತ ಚಕ್ಕಡಿಯೇ, ಅದನ್ನು ಮಾಡಬಲ್ಲ ಕೈಯೇ? ಚಕ್ಕಡಿ ಸವೆಯುತ್ತದೆ, ಕೈಯ ವಿದ್ಯೆಯು ತಂದೆಯಿಂದ ಮಗನಿಗೆ ಬೆಳೆಯುತ್ತ ಹೋಗುತ್ತದೆ.

ಈಗ ಇನ್ನೊಬ್ಬನನ್ನು ಊಹಿಸಿಕೊಳ್ಳಿರಿ. ಅವನು ದೂರದ ಪಟ್ಟಣದಿಂದ ಗಾಲಿ, ಅಚ್ಚು, ನೊಗಗಳನ್ನು ಬಿಡಿಬಿಡಿಯಾಗಿ ತರಿಸಿ, ಊರ ಮುಂದಿನ ಚಪ್ಪರದಲ್ಲಿ ಕೀಲು ಬಡಿದು ನಿಲ್ಲಿಸಿ ಮಾರುತ್ತಾನೆ. ಗಾಡಿಯೇನೋ ಊರಲ್ಲಿಯೇ ಸಿದ್ಧವಾಯಿತು. ನಾಲ್ಕಾರು ಜನಕ್ಕೆ ಕೂಲಿಯೂ ದೊರೆಯಿತು. ಆದರೆ ಅವನನ್ನು ನಾವು ಬಡಿಗನೆನ್ನುವೆವೇ? ನಾಳೆ ಅವನು ಚಪ್ಪರವನ್ನು ಕಿತ್ತುಕೊಂಡು ಹೋದರೆ ಊರಿನಲ್ಲಿ ಉಳಿಯುವುದೇನು? ಈ ಭೇದವೇ ನನ್ನ ಇಂದಿನ ಭಾಷಣದ ತಿರುಳು. ಜೋಡಣೆ ಬೇರೆ, ನಿರ್ಮಾಣ ಬೇರೆ. ಇವೆರಡನ್ನೂ ಒಂದೆಂದು ಎಣಿಸಿದ ರಾಷ್ಟ್ರವು ಗಾಡಿಗಳ ಸಂಖ್ಯೆಯನ್ನು ನೋಡಿ ಮೋಸಹೋಗುತ್ತದೆ.

ಮೋಟಾರು ಗಾಡಿಯಲ್ಲಿ ಸಣ್ಣ ತಿರುಪುಮೊಳೆಯಿಂದ ಎಂಜಿನಿನವರೆಗೆ ಎಣಿಸಿದರೆ ಸುಮಾರು ೩೦,೦೦೦ ಬಿಡಿಭಾಗಗಳಿರುತ್ತವೆ. ಅವುಗಳ ಹಿಂದೆ ಉಕ್ಕು, ರಬ್ಬರು, ಗಾಜು, ಬಣ್ಣ, ತಾಮ್ರಗಳ ಕಾರಖಾನೆಗಳಿವೆ, ಎರಕದ ಮನೆಗಳಿವೆ, ಲೋಹವನ್ನು ಕಾಸಿ ಬಡಿದು ರೂಪಿಸುವ ಶಾಲೆಗಳಿವೆ, ತಗಡನ್ನು ಒತ್ತುವ ಅಚ್ಚುಗಳನ್ನು ಕೊರೆಯುವ ಕುಶಲಿಗಳಿದ್ದಾರೆ, ಇವೆಲ್ಲಕ್ಕೂ ಹಿಂದೆ ಯಂತ್ರಗಳನ್ನೇ ಮಾಡುವ ಯಂತ್ರಗಳಿವೆ. ಮೋಟಾರು ಉದ್ದಿಮೆಯನ್ನು ಅನೇಕ ರಾಷ್ಟ್ರಗಳು ತಮ್ಮ ಔದ್ಯೋಗಿಕ ಜೀವನದ ಬೆನ್ನೆಲುಬೆಂದು ಎಣಿಸಿದುದಕ್ಕೆ ಕಾರಣವಿದು. ಶ್ರೀಮಂತರು ಅದರಲ್ಲಿ ಕುಳಿತು ಓಡಾಡುವರೆಂಬುದಕ್ಕಾಗಿ ಅಲ್ಲ. ಕಾರಿನ ಎಂಜಿನನ್ನು ಮಾಡಬಲ್ಲ ಕೈಯು ಬಸ್ಸಿನ ಎಂಜಿನನ್ನೂ ರೈತನ ಟ್ರ್ಯಾಕ್ಟರನ್ನೂ ಬಾವಿಯ ಪಂಪನ್ನೂ ಮಾಡಬಲ್ಲದು. "ಬಡವರ ದೇಶಕ್ಕೆ ಕಾರೇಕೆ?" ಎಂದು ಕೇಳುವವರಿಗೆ ಇದೇ ಉತ್ತರ. ಕಾರು ಕೆಲವರದು, ಕಾರನ್ನು ಮಾಡುವ ವಿದ್ಯೆ ಎಲ್ಲರದು.

ಇನ್ನು ನಮ್ಮ ದೇಶದ ಚರಿತ್ರೆಯನ್ನು ನೋಡೋಣ. ೧೯೨೮ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು ಮುಂಬಯಿಯಲ್ಲಿ ಒಂದು ಕಾರಖಾನೆಯನ್ನು ತೆರೆಯಿತು. ಫೋರ್ಡ್ ಸಂಸ್ಥೆಯೂ ಅದೇ ದಾರಿ ಹಿಡಿಯಿತು. ಪರದೇಶದಿಂದ ಪೆಟ್ಟಿಗೆಗಳಲ್ಲಿ ಬಿಡಿಭಾಗಗಳು ಬರುತ್ತಿದ್ದವು. ನಮ್ಮವರು ಅವನ್ನು ಜೋಡಿಸುತ್ತಿದ್ದರು. ಲಾಭವು ಬಂದ ದಾರಿಯಲ್ಲಿಯೇ ಹಿಂದಿರುಗುತ್ತಿತ್ತು. ನಾನು ಮೊದಲು ಹೇಳಿದ ಊರ ಮುಂದಿನ ಚಪ್ಪರವೆಂದರೆ ಇದೇ.

ಈ ಸ್ಥಿತಿಯನ್ನು ಕಂಡು ಮರುಗಿ ಸುಮ್ಮನಾಗದೆ ಕೈಹಾಕಿದವರಲ್ಲಿ ಒಬ್ಬರು ನಮ್ಮ ನಾಡಿನ ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ಮೈಸೂರಿನ ದಿವಾನಗಿರಿಯನ್ನು ಬಿಟ್ಟು ಆಗಲೇ ಎಷ್ಟೋ ವರ್ಷಗಳಾಗಿದ್ದವು. ವಯಸ್ಸು ಎಪ್ಪತ್ತನ್ನು ದಾಟಿತ್ತು. ಅಂಥ ವಯಸ್ಸಿನಲ್ಲಿ, ೧೯೩೫ರಲ್ಲಿ, ಅವರು ಮೋಟಾರು ಉದ್ದಿಮೆಯನ್ನು ಅಭ್ಯಸಿಸಲೆಂದೇ ಯುರೋಪ ಹಾಗೂ ಅಮೆರಿಕಗಳಲ್ಲಿ ಸಂಚರಿಸಿದರು. ಮರಳಿ ಬಂದು ಭಾರತದಲ್ಲಿಯೇ ಗಾಡಿಗಳನ್ನು ಮಾಡುವ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿಗಳಾದ ವಾಲಚಂದ ಹಿರಾಚಂದರು ಅದಕ್ಕೆ ಹೆಗಲುಕೊಟ್ಟರು. ಮುಂಬಯಿ ಪ್ರಾಂತದ ಕಾಂಗ್ರೆಸ್ ಮಂತ್ರಿಮಂಡಲವು ನೆರವಿಗೆ ಒಲಿದಿತ್ತು. ೧೯೩೯ರಲ್ಲಿ ಆ ಮಂತ್ರಿಮಂಡಲವು ರಾಜೀನಾಮೆಯಿತ್ತುದರಿಂದ ಆ ಆಸರೆ ತಪ್ಪಿತು. ಅನಂತರ ಮೈಸೂರು ಸಂಸ್ಥಾನದಲ್ಲಿ ಅದನ್ನು ಸ್ಥಾಪಿಸುವ ಪ್ರಯತ್ನ ನಡೆಯಿತು. ಆದರೆ ಅದನ್ನು ಯುದ್ಧಕ್ಕೆ ಅವಶ್ಯವಾದ ಉದ್ದಿಮೆಯೆಂದು ಮನ್ನಿಸಲು ಅಂದಿನ ಭಾರತ ಸರಕಾರವು ಒಪ್ಪಲಿಲ್ಲ. ಲಾರಿಗಳಿಲ್ಲದೆ ಯಾವ ಸೈನ್ಯವೂ ಹೆಜ್ಜೆಯಿಡಲಾರದ ಆ ಯುದ್ಧದ ಕಾಲದಲ್ಲಿ ಈ ಮಾತು! ಅದೇ ವಾಲಚಂದರು ಮೈಸೂರು ಸರಕಾರದೊಡನೆ ಕೂಡಿ ೧೯೪೦ರ ಡಿಸೆಂಬರದಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಯನ್ನು ಸ್ಥಾಪಿಸಿದರು. ಕಾರಿನ ಕಾರಖಾನೆ ಮಾತ್ರ ನಮ್ಮ ಬಾಗಿಲವರೆಗೆ ಬಂದು ಹಿಂದಿರುಗಿತು. ಕೊನೆಗೆ ೧೯೪೪ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಿಂದ ಆ ಸಂಸ್ಥೆಯು ಮುಂಬಯಿಯಲ್ಲಿ ಹುಟ್ಟಿತು; ಅಲ್ಲಿಂದ ಗಾಡಿಗಳು ಹೊರಬಿದ್ದದ್ದು ೧೯೪೭ರಲ್ಲಿ. ಅಷ್ಟರಲ್ಲಿ ೧೯೪೨ರಲ್ಲಿ ಬಿರ್ಲಾ ಮನೆತನದವರು ಹಿಂದುಸ್ಥಾನ್ ಮೋಟರ್ಸ್ ಸಂಸ್ಥೆಯನ್ನು ಹೂಡಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸರಕಾರವು ಒಂದು ದಿಟ್ಟ ಹೆಜ್ಜೆಯನ್ನಿಟ್ಟಿತು. ೧೯೫೩ರಲ್ಲಿ, ಬಿಡಿಭಾಗಗಳನ್ನು ಹಂತಹಂತವಾಗಿ ಈ ದೇಶದಲ್ಲಿಯೇ ಮಾಡುವ ಯೋಜನೆಯುಳ್ಳವರಿಗೆ ಮಾತ್ರ ಇಲ್ಲಿ ಸ್ಥಳವುಂಟೆಂದು ಅದು ಸಾರಿತು. ಬರಿಯ ಜೋಡಣೆಯನ್ನು ನಚ್ಚಿದ್ದ ಎರಡೂ ಅಮೇರಿಕನ್ ಸಂಸ್ಥೆಗಳು ಅಂಗಡಿ ಮುಚ್ಚಿದವು. ಚಪ್ಪರ ಹೋಯಿತು, ಬಡಿಗನಿಗೆ ಇಂಬಾಯಿತು. ಇಲ್ಲಿಯವರೆಗೆ ಕಥೆಯು ನಮಗೆ ಅಭಿಮಾನಾಸ್ಪದವಾದುದೇ ಸರಿ.

ಆದರೆ, ಮಹನೀಯರೇ, ಪರರ ತಪ್ಪನ್ನು ಎಣಿಸಿದ ನಾಲಗೆಯು ತನ್ನ ತಪ್ಪನ್ನೂ ಎಣಿಸಬೇಕು. ಬೇಲಿ ಹಾಕಿ ಸಸಿಯನ್ನು ಕಾದೆವು; ಅದು ಮರವಾಯಿತೇ ಎಂದು ನೋಡಲಿಲ್ಲ. ಹಿಂದುಸ್ಥಾನ್ ಮೋಟರ್ಸಿನ ಅಂಬಾಸಡರ್ ಗಾಡಿಯು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ರೂಪಾಂತರ. ಅದು ೧೯೫೭ರ ಸುಮಾರಿಗೆ ರಸ್ತೆಗಿಳಿದು, ೨೦೧೪ರವರೆಗೂ ಅದೇ ಮುಖದಿಂದ ಹೊರಬೀಳುತ್ತಿತ್ತು. ಯಾವ ಕಾರಖಾನೆಯು ಎಷ್ಟು ಗಾಡಿ ಮಾಡಬೇಕೆಂಬುದನ್ನು ಸರಕಾರದ ಪರವಾನಗಿ ಗೊತ್ತುಪಡಿಸುತ್ತಿತ್ತು. ಕೊಳ್ಳುವವರು ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದರು. ೧೯೮೦ರ ಸುಮಾರಿಗೆ ಇಡಿಯ ಭಾರತವು ವರ್ಷಕ್ಕೆ ಮಾಡುತ್ತಿದ್ದ ಕಾರುಗಳು ಮೂವತ್ತು ಸಾವಿರದ ಆಸುಪಾಸು. ಕಾದು ನಿಂತ ಗಿರಾಕಿ ಇರುವಾಗ ಹೊಸದನ್ನು ಕಲಿಯುವ ಗರಜು ಯಾರಿಗಿದೆ?

ಸಂಖ್ಯೆಯ ಮಾತು ಬಂದುದರಿಂದ ಒಂದು ಸರಳವಾದ ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ. ಗಾಡಿಯ ಮೈತಗಡನ್ನು ಒತ್ತುವ ಅಚ್ಚುಗಳಿಗೆ ೧೦ ಕೋಟಿ ರೂಪಾಯಿ ತಗಲುತ್ತದೆಯೆಂದು ಇಟ್ಟುಕೊಳ್ಳೋಣ. ಆ ಅಚ್ಚಿನಿಂದ ೧೦ ಸಾವಿರ ಗಾಡಿ ಮಾಡಿದರೆ ಒಂದೊಂದು ಗಾಡಿಯ ಮೇಲೆ ೧೦ ಸಾವಿರ ರೂಪಾಯಿಗಳ ಭಾರ. ಒಂದು ಲಕ್ಷ ಗಾಡಿ ಮಾಡಿದರೆ ಒಂದೊಂದರ ಮೇಲೆ ಒಂದೇ ಸಾವಿರ. ಹೀಗೆ ಮೋಟಾರು ಉದ್ದಿಮೆಯಲ್ಲಿ ಸಂಖ್ಯೆಯೇ ಅಗ್ಗದ ಮೂಲ. ಸಂಖ್ಯೆಗೆ ಕಟ್ಟು ಹಾಕಿ ಬೆಲೆ ಇಳಿಯಲಿ ಎಂದು ಬಯಸುವುದು, ಹೊಲಕ್ಕೆ ಬೀಜ ಕಡಿಮೆ ಹಾಕಿ ರಾಶಿ ಹೆಚ್ಚಲಿ ಎಂದು ಬಯಸಿದಂತೆ.

ಆ ಬೇಲಿಯೊಳಗೂ ವಿದ್ಯೆಯನ್ನು ಕಲಿತವರು ಇದ್ದರೆಂಬುದನ್ನು ಮರೆಯಬಾರದು. ಟಾಟಾ ಮನೆತನದ ಟೆಲ್ಕೊ ಸಂಸ್ಥೆಯು ೧೯೫೪ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಕರಾರು ಮಾಡಿಕೊಂಡು ಲಾರಿಗಳನ್ನು ಮಾಡತೊಡಗಿತು. ೧೯೬೯ರಲ್ಲಿ ಆ ಕರಾರಿನ ಅವಧಿ ಮುಗಿಯಿತು. ಆಗ ಅದು ಗುರುವಿನ ಕೈಹಿಡಿದೇ ನಡೆಯುವೆನೆನ್ನಲಿಲ್ಲ. ಕಲಿತುದನ್ನು ನೆಮ್ಮಿ ತನ್ನ ಹೆಸರಿನಿಂದಲೇ ಗಾಡಿಗಳನ್ನು ಮಾಡಿತು. ಆ ಕಲಿಕೆಯೇ ಬೆಳೆದು ೧೯೯೮ರಲ್ಲಿ ಇಂಡಿಕಾ ಎಂಬ ಸ್ವಂತದ ಕಾರಾಗಿ ಕಾಣಿಸಿಕೊಂಡಿತು. ನಮ್ಮ ಬೆಂಗಳೂರಿನಲ್ಲಿಯೂ ೧೯೫೧ರಲ್ಲಿ ಮೈಕೊ ಎಂದು ಜನಜನಿತವಾದ ಕಾರಖಾನೆಯು ಜರ್ಮನಿಯ ಬಾಷ್ ಸಂಸ್ಥೆಯ ನೆರವಿನಿಂದ ಹುಟ್ಟಿ, ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಎಂಜಿನಿಗೆ ಎಣ್ಣೆಯನ್ನು ಚಿಮ್ಮುವ ಪಂಪುಗಳನ್ನೂ ಮಾಡತೊಡಗಿತು, ೧೯೫೩ರಲ್ಲಿ ಎಚ್.ಎಮ್.ಟಿ. ಕಾರಖಾನೆಯು ಯಂತ್ರಗಳನ್ನು ಮಾಡುವ ಯಂತ್ರಗಳಿಗೆ ಕೈಹಾಕಿತು. ಕೂದಲೆಳೆಗಿಂತ ಸೂಕ್ಷ್ಮವಾದ ಅಳತೆಗೆ ಲೋಹವನ್ನು ಸಾಣೆಹಿಡಿಯುವ ವಿದ್ಯೆಯನ್ನು ನಮ್ಮ ನಾಡಿನ ಸಾವಿರಾರು ತರುಣರು ಕಲಿತುದು ಇಂಥ ಕಾರಖಾನೆಗಳಲ್ಲಿ. ಕಾರಿನ ಕಾರಖಾನೆಯು ನಮ್ಮ ಕೈತಪ್ಪಿದರೂ ಕಾರಿನ ವಿದ್ಯೆಯ ಒಂದು ಪಾಲು ಹೀಗೆ ನಮಗೆ ದಕ್ಕಿತು.

ಇನ್ನು ನಮ್ಮೊಡನೆ ಹೋಲಿಸಲು ದಕ್ಷಿಣ ಕೊರಿಯಾದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಲ್ಲಿಯ ಹ್ಯುಂಡೈ ಮೋಟಾರು ಸಂಸ್ಥೆಯು ಹುಟ್ಟಿದ್ದು ೧೯೬೭ರಲ್ಲಿ, ಎಂದರೆ ನಮ್ಮ ಪ್ರೀಮಿಯರಿಗಿಂತ ೨೩ ವರ್ಷ ತಡವಾಗಿ. ಅದು ಕೂಡ ೧೯೬೮ರಲ್ಲಿ ಫೋರ್ಡಿನ ಕಾರ್ಟೀನಾ ಗಾಡಿಯನ್ನು ಜೋಡಿಸುವುದರಿಂದಲೇ ಆರಂಭಿಸಿತು. ಜೋಡಣೆಯಿಂದ ಆರಂಭಿಸುವುದು ತಪ್ಪಲ್ಲ. ಅಲ್ಲಿಯೇ ನಿಲ್ಲುವುದು ತಪ್ಪು. ೧೯೭೦ರ ದಶಕದಲ್ಲಿ ಕೊರಿಯಾದ ಸರಕಾರವು ಸ್ವದೇಶದ ಮಾದರಿಯನ್ನೇ ಮಾಡಬೇಕೆಂದು ತನ್ನ ಕಾರಖಾನೆಗಳಿಗೆ ವಿಧಿಸಿತು. ಹ್ಯುಂಡೈ ಸಂಸ್ಥೆಯು ರೂಪರೇಖೆಯನ್ನು ಇಟಲಿಯಿಂದ, ಎಂಜಿನಿನ ವಿದ್ಯೆಯನ್ನು ಜಪಾನಿನ ಮಿತ್ಸುಬಿಶಿಯಿಂದ, ಕಾರಖಾನೆ ನಡೆಸುವ ಅನುಭವವನ್ನು ಇಂಗ್ಲೆಂಡಿನಿಂದ ಬೆಲೆಕೊಟ್ಟು ಪಡೆಯಿತು. ಒಡೆತನವನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ೧೯೭೫ರಲ್ಲಿ ಪೋನಿ ಎಂಬ ಗಾಡಿಯು ಸಿದ್ಧವಾಯಿತು. ಮರುವರ್ಷವೇ ಅದು ದಕ್ಷಿಣ ಅಮೆರಿಕದ ಎಕ್ವಡೋರಿಗೆ ರಫ್ತಾಯಿತು. ೧೯೮೬ರಲ್ಲಿ ಆ ಸಂಸ್ಥೆಯ ಗಾಡಿಗಳು ಅಮೆರಿಕದ ಪೇಟೆಯನ್ನು ಹೊಕ್ಕವು. ೧೯೯೧ರಲ್ಲಿ ಎಂಜಿನನ್ನೂ ಅದು ತಾನೇ ರೂಪಿಸಿತು.

ಅಲ್ಲಿಯೂ ಬೇಲಿಯಿತ್ತು, ಸರಕಾರದ ಆಸರೆಯಿತ್ತು. ಆದರೆ ಆಸರೆ ಪಡೆದವನು ಹೊರಗಿನ ಪೇಟೆಯಲ್ಲಿ ಮಾರಿ ತೋರಿಸಬೇಕಾಗಿತ್ತು. ಪರದೇಶದ ಗಿರಾಕಿಗೆ ನಮ್ಮ ಮೇಲೆ ದೇಶಾಭಿಮಾನವಿರುವುದಿಲ್ಲ. ಆತನು ಗುಣವನ್ನೂ ಬೆಲೆಯನ್ನೂ ನೋಡುತ್ತಾನೆ. ಆ ಪರೀಕ್ಷೆಯನ್ನು ಕೊರಿಯಾ ಒಪ್ಪಿಕೊಂಡಿತು, ನಾವು ತಪ್ಪಿಸಿಕೊಂಡೆವು. ಫಲವೇನಾಯಿತೆಂದರೆ, ನಮಗಿಂತ ಹಿಂದೆ ಹೊರಟವರು ೧೯೯೬ರಲ್ಲಿ ನಮ್ಮ ದೇಶಕ್ಕೇ ಬಂದು, ಚೆನ್ನೈ ಬಳಿ ಕಾರಖಾನೆ ಕಟ್ಟಿ, ೧೯೯೮ರಿಂದ ನಮಗೆ ಗಾಡಿ ಮಾರತೊಡಗಿದರು. ೨೦೨೪ರ ಅಕ್ಟೋಬರದಲ್ಲಿ ಅವರ ಭಾರತೀಯ ಶಾಖೆಯ ಶೇರುಗಳು ನಮ್ಮ ಪೇಟೆಯಲ್ಲಿ ೨೭,೮೭೦ ಕೋಟಿ ರೂಪಾಯಿಗೆ ಮಾರಾಟವಾದವು. ಮಾರಿದ ಶೇರುಗಳೆಲ್ಲ ಮೂಲಸಂಸ್ಥೆಯವೇ ಆದುದರಿಂದ ಹಣವೂ ಅತ್ತಲೇ ಸಂದಿತು. ಅವರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಅವರು ಕಲಿತರು, ಗಳಿಸಿದರು. ವಿದ್ಯೆಯ ಒಡೆಯನಿಗೆ ಕೂಲಿಯ ಮೇಲೆ ಬಾಡಿಗೆಯೂ ಬರುತ್ತದೆಯೆಂಬುದನ್ನು ತೋರಿಸಲು ಹೇಳಿದೆ.

ನಮ್ಮಲ್ಲಿ ಹೊಸ ಗಾಳಿ ಬೀಸಿದ್ದು ಮಾರುತಿಯಿಂದ. ೧೯೮೧ರಲ್ಲಿ ಸರಕಾರದ ಸಂಸ್ಥೆಯಾಗಿ ಹುಟ್ಟಿದ ಅದು ೧೯೮೨ರಲ್ಲಿ ಜಪಾನಿನ ಸುಜುಕಿಯೊಡನೆ ಕರಾರು ಮಾಡಿಕೊಂಡು, ೧೯೮೩ರ ಡಿಸೆಂಬರದಲ್ಲಿ ಮೊದಲನೆಯ ಗಾಡಿಯನ್ನು ಹೊರತಂದಿತು. ಆರಂಭದ ಗಾಡಿಗಳಲ್ಲಿ ಬಹುಪಾಲು ಜಪಾನಿನ ಬಿಡಿಭಾಗಗಳೇ ಇದ್ದವು. ಆದರೆ ಅವನ್ನು ಗೊತ್ತಾದ ಅವಧಿಯೊಳಗೆ ಇಲ್ಲಿಯೇ ಮಾಡಿಸಬೇಕೆಂಬ ಕಟ್ಟುಪಾಡಿತ್ತು. ಅದಕ್ಕಾಗಿ ಮಾರುತಿಯು ಬಿಡಿಭಾಗ ಮಾಡುವ ಸಣ್ಣ ಉದ್ಯಮಿಗಳನ್ನು ಹುಡುಕಿ, ಅವರೊಡನೆ ಬಂಡವಾಳ ಹೂಡಿ, ಜಪಾನಿನ ಕುಶಲಿಗಳಿಂದ ಪಾಠ ಹೇಳಿಸಿತು. ಇಂದು ಭಾರತದ ಬಿಡಿಭಾಗಗಳು ಹೊರದೇಶಗಳ ಕಾರಖಾನೆಗಳಿಗೆ ಹೋಗುತ್ತಿರುವುದಕ್ಕೆ ಈ ಪಾಠಶಾಲೆಯೂ ಒಂದು ಕಾರಣ. ನಮ್ಮ ಬಿಡದಿಯಲ್ಲಿ ೧೯೯೯ರ ಡಿಸೆಂಬರದಿಂದ ಟೊಯೋಟಾ ಗಾಡಿಗಳು ಹೊರಬಂದವು. ಅದರ ಬಳಿಯ ಇನ್ನೊಂದು ಕಾರಖಾನೆಯು ೨೦೦೪ರಿಂದ ಗೇರುಪೆಟ್ಟಿಗೆಗಳನ್ನು ಮಾಡಿ ಪರದೇಶಗಳಿಗೆ ಕಳಿಸತೊಡಗಿತು. ೨೦೨೨ರಲ್ಲಿ ಭಾರತವು ಗಾಡಿಗಳ ಮಾರಾಟದಲ್ಲಿ ಜಪಾನನ್ನು ಹಿಂದಿಕ್ಕಿ ಜಗತ್ತಿನಲ್ಲಿಯೇ ಮೂರನೆಯ ದೊಡ್ಡ ಪೇಟೆಯಾಯಿತು. ರಾಷ್ಟ್ರದ ಒಟ್ಟು ಉತ್ಪನ್ನದಲ್ಲಿ ಈ ಉದ್ದಿಮೆಯ ಪಾಲು ಶೇಕಡಾ ೭ರ ಸುಮಾರು ಎಂದು ಅಂದಾಜು.

ಪೇಟೆ ದೊಡ್ಡದಾಯಿತೆಂದು ಮೈಮರೆಯಬಾರದು. ಪೇಟೆಯೆಂದರೆ ಕೊಳ್ಳುವವರ ಬಲ. ಮಾಡುವವರ ಬಲ ಬೇರೆ. ಆಸ್ಟ್ರೇಲಿಯಾದ ಕಥೆಯನ್ನು ಕೇಳಿರಿ. ೧೯೪೮ರಲ್ಲಿ ಅಲ್ಲಿಯ ಪ್ರಧಾನಮಂತ್ರಿ ಚಿಫ್ಲಿಯವರು ಹೋಲ್ಡನ್ ಎಂಬ ಗಾಡಿಯನ್ನು ಜನತೆಗೆ ಒಪ್ಪಿಸಿದಾಗ ಇಡಿಯ ದೇಶವು ಅದನ್ನು ತನ್ನ ಮನೆಯ ಕೂಸೆಂದು ಕೊಂಡಾಡಿತು. ಆದರೆ ಅದರ ಒಡೆತನ ಅಮೆರಿಕದ ಜನರಲ್ ಮೋಟರ್ಸಿನದು. ಒಂದು ಕಾಲಕ್ಕೆ ಶೇಕಡಾ ೫೭.೫ರಷ್ಟಿದ್ದ ಆಮದಿನ ಜಕಾತಿಯು ಇಳಿಯುತ್ತ ಇಳಿಯುತ್ತ ೨೦೧೦ರಲ್ಲಿ ಶೇಕಡಾ ೫ಕ್ಕೆ ಬಂದಿತು. ಅಲ್ಲಿಯ ಜನಕ್ಕೆ ಹೊರಗಿನ ಗಾಡಿಗಳು ಸೋವಿಯಾಗಿ ದೊರೆತುದು ನಿಜ. ಅದನ್ನು ಲಾಭವಲ್ಲವೆಂದು ಹೇಳಲಾಗದು. ಆದರೆ ಸಣ್ಣ ಪೇಟೆ, ಏರಿದ ವೆಚ್ಚ, ದೂರದ ಒಡೆಯ ಈ ಮೂರೂ ಕೂಡಿದಾಗ ೨೦೧೬ರಲ್ಲಿ ಫೋರ್ಡ್, ೨೦೧೭ರ ಅಕ್ಟೋಬರದಲ್ಲಿ ಟೊಯೋಟಾ ಮತ್ತು ಹೋಲ್ಡನ್, ಹೀಗೆ ಎಲ್ಲ ಕಾರಖಾನೆಗಳೂ ಮುಚ್ಚಿದವು. ಅಲ್ಲಿಗೆ ಒಂದು ಇಡಿಯ ಭೂಖಂಡದಲ್ಲಿ ಕಾರು ಮಾಡುವ ಉದ್ದಿಮೆಯು ಮುಗಿಯಿತು. ಕೂಸನ್ನು ಆಡಿಸಿದವರು ಆಸ್ಟ್ರೇಲಿಯಾದವರು. ಅದರ ಹಣೆಬರಹ ಬರೆದವರು ಬೇರೆ ದೇಶದಲ್ಲಿದ್ದರು.

ನಮ್ಮಲ್ಲಿಯೂ ೨೦೧೭ರಲ್ಲಿ ಜನರಲ್ ಮೋಟರ್ಸ್ ಮಾರಾಟವನ್ನು ನಿಲ್ಲಿಸಿತು. ೨೦೨೧ರಲ್ಲಿ ಫೋರ್ಡ್ ಸಂಸ್ಥೆಯು ಇಲ್ಲಿ ಕಾರು ಮಾಡುವುದನ್ನು ಬಿಡುವೆನೆಂದು ಸಾರಿತು. ಆದರೆ ಇಲ್ಲಿ ಉದ್ದಿಮೆಯು ಸಾಯಲಿಲ್ಲ. ಫೋರ್ಡಿನ ಸಾಣಂದದ ಕಾರಖಾನೆಯನ್ನು ಟಾಟಾದವರು ಕೊಂಡು ನಡೆಸಿದರು. ಬಿಡಿಭಾಗ ಮಾಡುವವರು ಒಬ್ಬ ಗಿರಾಕಿ ಹೋದರೆ ಇನ್ನೊಬ್ಬನನ್ನು ಅರಸಿಕೊಂಡರು. ಬೇರು ನೆಲದಲ್ಲಿದ್ದರೆ ಟೊಂಗೆ ಮುರಿದರೂ ಮರ ಚಿಗುರುತ್ತದೆ.

ಇಷ್ಟೆಲ್ಲ ಹಳೆಯ ಮಾತುಗಳನ್ನು ಏಕೆ ಆಡಿದೆನೆಂದರೆ, ಈಗ ನಾವು ಮತ್ತೆ ೧೯೨೮ರ ಹೊಸ್ತಿಲಲ್ಲಿಯೇ ನಿಂತಿದ್ದೇವೆ. ಎಣ್ಣೆಯ ಎಂಜಿನಿನ ಸ್ಥಾನಕ್ಕೆ ವಿದ್ಯುತ್ತಿನ ಮೋಟಾರು ಬರುತ್ತಿದೆ. ವಿದ್ಯುತ್ತಿನ ಗಾಡಿಯ ಬೆಲೆಯಲ್ಲಿ ಮೂರರಲ್ಲೊಂದು ಪಾಲಿನಷ್ಟು ಬ್ಯಾಟರಿಯದೇ. ಆ ಬ್ಯಾಟರಿಯೊಳಗಿನ ಲಿಥಿಯಮ್ ಕೋಶಗಳಲ್ಲಿ ಜಗತ್ತಿನ ಮುಕ್ಕಾಲು ಪಾಲಿಗಿಂತ ಹೆಚ್ಚು ತಯಾರಾಗುವುದು ಚೀನದಲ್ಲಿ. ನಾವು ಬಹುಮಟ್ಟಿಗೆ ಅಲ್ಲಿಂದಲೇ ತರಿಸಿ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದೇವೆ. ೨೦೨೫ರ ಏಪ್ರಿಲಿನಲ್ಲಿ ಚೀನವು ವಿರಳ ಲೋಹಗಳ ಅಯಸ್ಕಾಂತದ ರಫ್ತಿಗೆ ಕಟ್ಟುಪಾಡು ವಿಧಿಸಿದೊಡನೆ ಅದರ ಬಿಸಿಯು ನಮ್ಮ ಗಾಡಿ ಮಾಡುವವರಿಗೂ ತಟ್ಟಿತು. ಒಂದು ಹಿಡಿಯಷ್ಟು ಅಯಸ್ಕಾಂತವಿಲ್ಲದೆ ಇಡಿಯ ಗಾಡಿ ನಿಲ್ಲುತ್ತದೆ. ಮೂವತ್ತು ಸಾವಿರ ಭಾಗಗಳಲ್ಲಿ ಯಾವುದನ್ನು ಮಾಡಲು ಬರುವುದಿಲ್ಲವೋ ಅದರಲ್ಲಿಯೇ ನಮ್ಮ ಪಾರತಂತ್ರ್ಯ ಅಡಗಿದೆ.

ಮೊದಲು ಹೊರಡುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ವಿದ್ಯುತ್ತಿನ ಕಾರು ಎಂಬ ಮಾತು ಜನರಿಗೆ ವಿನೋದವಾಗಿದ್ದ ಕಾಲದಲ್ಲಿ, ೨೦೦೧ರಲ್ಲಿಯೇ, ಬೆಂಗಳೂರಿನಿಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹೊರಟಿತು. ಲಂಡನ್ನಿನ ಬೀದಿಗಳಲ್ಲಿಯೂ ಓಡಿತು. ಆದರೆ ಅದರ ಸುತ್ತ ಕೋಶ ಮಾಡುವವರು, ಮೋಟಾರು ಮಾಡುವವರು, ದೊಡ್ಡ ಸಂಖ್ಯೆಯ ಗಿರಾಕಿಗಳು ಇವರಾರೂ ಬೆಳೆಯಲಿಲ್ಲ. ೨೦೧೦ರಲ್ಲಿ ಆ ಸಂಸ್ಥೆಯು ಮಹೀಂದ್ರರ ಕೈಸೇರಿತು. ಒಂದು ಅರ ಎಷ್ಟು ಗಟ್ಟಿಯಿದ್ದರೇನು, ಉಳಿದ ಅರಗಳಿಲ್ಲದೆ ಗಾಲಿ ಉರುಳಲಾರದು. ೨೦೨೧ರಲ್ಲಿ ಕೇಂದ್ರ ಸರಕಾರವು ಕೋಶಗಳನ್ನು ಇಲ್ಲಿಯೇ ಮಾಡುವವರಿಗಾಗಿ ೧೮,೧೦೦ ಕೋಟಿ ರೂಪಾಯಿಗಳ ಪ್ರೋತ್ಸಾಹಧನವನ್ನು ಗೊತ್ತುಮಾಡಿತು. ಉದ್ದೇಶವು ಒಳ್ಳೆಯದೇ. ಆದರೆ ಹಳೆಯ ಚರಿತ್ರೆಯು ಕಲಿಸಿದ ಮೂರು ಪಾಠಗಳನ್ನು ಮರೆತರೆ ಈ ಹಣವೂ ಮರಳಿಗೆ ಎರೆದ ನೀರಾದೀತು.

ಮೊದಲನೆಯದು: ಆಸರೆಗೆ ಅವಧಿಯಿರಬೇಕು. ಅಂಬಾಸಡರಿನಂತೆ ಅರ್ಧ ಶತಮಾನದ ಬೇಲಿ ಬೇಡ. ಬೇಲಿಯೇ ಇಲ್ಲದ ಬಯಲೂ ಬೇಡ. ಎರಡನೆಯದು: ಆಸರೆ ಪಡೆದವನು ಹೊರಗಿನ ಪೇಟೆಯಲ್ಲಿ ತನ್ನ ಸರಕನ್ನು ಮಾರಿ ತೋರಿಸಬೇಕು. ಮೂರನೆಯದು: ಕರಾರು ಮಾಡಿಕೊಳ್ಳುವಾಗ ಗಾಡಿಯನ್ನಷ್ಟೇ ಅಲ್ಲ, ಗಾಡಿಯ ವಿದ್ಯೆಯನ್ನು ಕೇಳಬೇಕು, ಗುರುದಕ್ಷಿಣೆ ಕೊಡೋಣ, ಆದರೆ ಗುರುಕುಲದಿಂದ ಹೊರಬರುವ ದಿನವನ್ನೂ ಗೊತ್ತುಮಾಡೋಣ.

ಇದು ದೆಹಲಿಯ ಮಂತ್ರಿಗಳ ಕೆಲಸ, ನಮಗೇನು ಎಂದು ಕೇಳುವಿರಾ? ನಿಮ್ಮ ಜಿಲ್ಲೆಯಲ್ಲಿ ನಾಳೆ ಒಂದು ಕಾರಖಾನೆ ಬರುತ್ತದೆ. ರೈತನು ಭೂಮಿ ಕೊಡುತ್ತಾನೆ. ಸರಕಾರವು ನೀರು, ವಿದ್ಯುತ್ತು, ತೆರಿಗೆಯ ರಿಯಾಯತಿಗಳನ್ನು ಕೊಡುತ್ತದೆ. ಆಗ ನಾವು ಕೇಳುವ ಪ್ರಶ್ನೆ "ಎಷ್ಟು ಜನಕ್ಕೆ ಕೆಲಸ?" ಎಂಬುದೊಂದೇ. ಕೇಳತಕ್ಕದ್ದೇ. ಆದರೆ ಅದರೊಡನೆ ಇನ್ನೂ ಎರಡನ್ನು ಕೇಳಿರಿ: ಇಲ್ಲಿ ಯಾವ ಭಾಗವನ್ನು ಮೂಲದಿಂದ ಮಾಡುವಿರಿ? ಹತ್ತು ವರ್ಷದ ಮೇಲೆ ನೀವು ಹೊರಟುಹೋದರೆ ನಮ್ಮ ಹುಡುಗರ ಕೈಯಲ್ಲಿ ಯಾವ ವಿದ್ಯೆ ಉಳಿಯುವುದು? ಈ ಪ್ರಶ್ನೆಗಳನ್ನು ಕೇಳಲು ಅರ್ಥಶಾಸ್ತ್ರದ ಪದವಿ ಬೇಡ. ಕೊಟ್ಟ ಹೊಲದ ನೆನಪು ಸಾಕು.

ತರುಣರಿಗೆ ಕೊನೆಯದಾಗಿ ಒಂದು ಮಾತು. ನಮ್ಮಲ್ಲಿ ಲೆಕ್ಕಣಿಕೆ ಹಿಡಿದ ಕೈಗೆ ಇರುವ ಮನ್ನಣೆಯು ಸುತ್ತಿಗೆ ಹಿಡಿದ ಕೈಗೆ ಇಲ್ಲ. ತಾಂತ್ರಿಕ ಶಾಲೆಗೆ ಮಗನನ್ನು ಕಳಿಸುವುದೆಂದರೆ ಬೇರೆ ಗತಿಯಿಲ್ಲದವರ ದಾರಿಯೆಂಬ ಭಾವನೆ ಇಂದಿಗೂ ಅಳಿದಿಲ್ಲ. ಅಚ್ಚು ಕೊರೆಯುವವನ ಕೈಬೆರಳ ತುದಿಯಲ್ಲಿ ರಾಷ್ಟ್ರದ ಸ್ವಾತಂತ್ರ್ಯದ ಒಂದು ಪಾಲಿದೆಯೆಂದು ನಾವು ಮನಗಾಣುವವರೆಗೆ ನಮ್ಮ ಕಾರಖಾನೆಗಳು ಚಪ್ಪರಗಳಾಗಿಯೇ ಉಳಿಯುವುವು. ಎಪ್ಪತ್ತು ದಾಟಿದ ವಯೋವೃದ್ಧರೊಬ್ಬರು ಹಡಗು ಹತ್ತಿ ಸಮುದ್ರಗಳನ್ನು ದಾಟಿ ಕಾರಖಾನೆಗಳ ಬಾಗಿಲಲ್ಲಿ ವಿದ್ಯಾರ್ಥಿಯಂತೆ ನಿಂತರು. ಇಪ್ಪತ್ತರ ಪ್ರಾಯದ ನಮಗೆ ಕಲಿಯಲು ಸಂಕೋಚವೇಕೆ?